ಏಳನೇ ಟ್ಯೂಬು, ಎಂಟನೇ ಟ್ಯೂಬು

ಜನವರಿ 29, ಬುಧವಾರ

ಮದುವೆಯಾಗಿ ಇಂದಿಗೆ ಐವತ್ತೊಂದು ದಿನ. ಲೆಕ್ಕ ಇಟ್ಟಿರುವವಳು ನಾನೊಬ್ಬಳೇ. ಇವರನ್ನು ಕೇಳಿದರೆ "ಎರಡು ತಿಂಗಳಾಯ್ತು ಅನ್ಸುತ್ತೆ" ಎಂದು ಬೈಕಿಗೆ ಡಬ್ಬಿ ಕಟ್ಟಿಕೊಂಡು ಹೊರಟುಬಿಡುತ್ತಾರೆ.

ಇವರು ಎಂದರೆ ಗಣೇಶ್. ಹೊಸನಗರದಲ್ಲಿರುವ ನನ್ನ ಅತ್ತೆ ಮೂವತ್ತು ವರ್ಷಗಳಲ್ಲಿ ಮಾವನ ಹೆಸರನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲವಂತೆ. ಕಾನ್ವೆಂಟಿನಲ್ಲಿ ಓದಿದ ನನಗೆ ಮೊದಲು ನಗು ಬಂತು, ಆಮೇಲೆ ಹೊಟ್ಟೆಕಿಚ್ಚಾಯಿತು. ಅಷ್ಟು ಜೋಪಾನವಾಗಿ ಇಟ್ಟುಕೊಳ್ಳುವ ಹೆಸರು ನನಗೂ ಒಂದು ಬೇಕು. ಆದ್ದರಿಂದ ಈ ಸಾಲಿನ ನಂತರ ಹೆಸರು ಬರೆಯುವುದಿಲ್ಲ. ಇವರು, ಇವರು, ಇವರು. ಬರೆಯುವಾಗಲೇ ಕೆನ್ನೆ ಬಿಸಿಯಾಗುತ್ತದೆ.

ಈ ಡೈರಿಯೂ ಇವರದೇ ಉಡುಗೊರೆ. ಔಷಧ ಕಂಪನಿಯದು, ಪ್ರತಿ ಪುಟದ ಕೆಳಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆಯ ಜಾಹೀರಾತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಲ್ಯಾಬುಗಳಿಗೆಲ್ಲ ಸಿರಿಂಜು, ಟ್ಯೂಬು, ಗಾಜಿನ ಸ್ಲೈಡು ಸಪ್ಲೈ ಮಾಡುವವರು ಇವರು. ನಾನು ಕೈಯಲ್ಲಿ ಹಿಡಿಯುವ ಪ್ರತಿ ಸ್ಲೈಡೂ ಮೊದಲು ಇವರ ಕೈ ದಾಟಿ ಬಂದಿದೆ ಎಂದು ಯೋಚಿಸಿದರೆ ಎಷ್ಟು ಚೆಂದ.

ಸಾಗರದ ಈ ಲ್ಯಾಬಿನಲ್ಲಿ ನನಗೆ ಕೆಲಸ ಕೊಡಿಸಿದ್ದೂ ಇವರೇ. ಓನರ್ ಯೋಗರಾಜ್ ಇವರ ಸ್ನೇಹಿತರು. ಹೊಸ ಮಿಷನ್ ತಂದಿದ್ದಾರೆ, ರಕ್ತ ಇಟ್ಟರೆ ಒಂದು ನಿಮಿಷದಲ್ಲಿ ಎಲ್ಲ ಕಣಗಳನ್ನೂ ಎಣಿಸಿ ಚೀಟಿ ಕೊಡುತ್ತದೆ. ಆದರೂ ಮೂಲೆಯಲ್ಲಿ ಮಂಜುನಾಥಪ್ಪ ಸಾರ್ ಮೈಕ್ರೋಸ್ಕೋಪಿಗೆ ಕಣ್ಣಂಟಿಸಿ ಕೂತಿರುತ್ತಾರೆ. ಅರವತ್ತೆರಡು ವರ್ಷ, ಎಡಗಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಜ್ವರ ಎಂದು ಬಂದವರೆಲ್ಲರ ರಕ್ತವನ್ನೂ ಸ್ಲೈಡಿನ ಮೇಲೆ ಎಳೆದು, ಬಣ್ಣ ಹಾಕಿ, ಇಡಲೇಬೇಕು ಎಂಬುದು ಅವರ ಹಟ. ಯೋಗರಾಜ್ ಸಾರ್ ನಮ್ಮೆದುರಿಗೇ ಹೇಳುತ್ತಾರೆ, "ಮಿಷನ್ನಿಗೆ ಪೊರೆ ಬರಲ್ಲ ಮಂಜಣ್ಣ." ಅವರು ತಲೆ ಎತ್ತುವುದಿಲ್ಲ.

ಫೆಬ್ರವರಿ 3, ಸೋಮವಾರ

ಸೋಮವಾರ ಎಂದರೆ ನನಗೆ ಪಿಕ್‌ನಿಕ್. ಬೆಳಿಗ್ಗೆಯ ಬಸ್ಸಿಗೆ ಹೊಸನಗರಕ್ಕೆ ಹೋಗಿ, ಅಲ್ಲಿ ನಮ್ಮ ಲ್ಯಾಬಿನ ಒಂದು ಕೋಣೆಯಲ್ಲಿ ರಕ್ತ ತೆಗೆದುಕೊಂಡು, ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸ್. ನಡುವೆ ಅತ್ತೆಯ ಮನೆಯ ಕಾಫಿ.

ಇವತ್ತು ಹನ್ನೊಂದು ಜನ. ಅದರಲ್ಲಿ ಇಬ್ಬರು ಹೂವಮ್ಮ. ಇಬ್ಬರಿಗೂ ಐವತ್ತೈದು, ಇಬ್ಬರಿಗೂ ಜ್ವರ. ಮೊದಲನೆಯವರು ನಗರ ಎನ್ನುವ ಹಳ್ಳಿಯವರು, ಮಾತಿನ ಮಲ್ಲಿ. ಎರಡನೆಯವರು ತೀರ್ಥಹಳ್ಳಿ ದಾರಿಯ ಕೆಳಕೊಡಿಗೆ ಎಂಬ ಊರಿನವರು, ಒಬ್ಬರೇ ಬಂದಿದ್ದರು, ಹಣೆಗೆ ಬಟ್ಟೆ ಬಿಗಿದುಕೊಂಡಿದ್ದರು. ಟ್ಯೂಬಿನ ಮೇಲೆ ಹೆಸರು, ಗಂಡನ ಹೆಸರು, ವಯಸ್ಸು ಬರೆಯಬೇಕು. ನಗರದ ಹೂವಮ್ಮನನ್ನು ಕೇಳಿದೆ.

"ಅದ್ನೆಲ್ಲ ಹೆಂಗೆ ಹೇಳದು ತಂಗಿ?" ಎಂದು ಸೆರಗು ಬಾಯಿಗೆ ಇಟ್ಟುಕೊಂಡರು. "ನಿಂಗೂ ಹೊಸದಾಗಿ ಮದ್ವೆ ಆದಂಗಿದೆ. ನೀನು ಹೇಳ್ತೀಯಾ?"

"ನಾನೂ ಹೇಳಲ್ಲ" ಎಂದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಎಷ್ಟು ಖುಷಿಯಾಯಿತೆಂದರೆ, ಆ ಜಾಗವನ್ನು ಖಾಲಿ ಬಿಟ್ಟೆ. ಇನ್ನೊಬ್ಬ ಹೂವಮ್ಮನನ್ನು ಕೇಳುವ ಗೋಜಿಗೇ ಹೋಗಲಿಲ್ಲ, ಅವರಿಗೂ ಖಾಲಿ. ನಗರದವರ ಟ್ಯೂಬು ಎಡಕ್ಕೆ, ಕೆಳಕೊಡಿಗೆಯವರದು ಬಲಕ್ಕೆ. ಇಷ್ಟು ಸಾಕಲ್ಲ.

ಬಸ್ಸು ಹತ್ತುವಾಗಲೇ ಇವರ ಫೋನ್ ಬಂತು. ತೀರ್ಥಹಳ್ಳಿಯಲ್ಲಿ ಯಾವುದೋ ಅಂಗಡಿಯಲ್ಲಿ ನನ್ನ ಬಣ್ಣದ ಸೀರೆ ನೋಡಿದರಂತೆ. ನನ್ನ ಬಣ್ಣ ಎಂದರೆ ಯಾವುದು ಎಂದು ಕೇಳುತ್ತಿದ್ದಾಗಲೇ ತಿರುವಿನಲ್ಲಿ ಡಬ್ಬಿ ಜಾರಿ ಮಗುಚಿತು. ಒಂದೂ ಒಡೆಯಲಿಲ್ಲ. ಎಲ್ಲವನ್ನೂ ಮೊದಲಿನ ಹಾಗೇ ನೆನಪಿನಿಂದ ಜೋಡಿಸಿದೆ. ಲ್ಯಾಬಿಗೆ ಬಂದು ನಂಬರ್ ಹಾಕಿದೆ. ನಗರ ಏಳು, ಕೆಳಕೊಡಿಗೆ ಎಂಟು.

ಏಳರ ಚೀಟಿ ನೋಡಿ ಗಾಬರಿಯಾಯಿತು. ಬಿಳಿಕಣ ಎರಡು ಸಾವಿರ, ಪ್ಲೇಟ್‌ಲೆಟ್ ಮೂವತ್ತೆಂಟು ಸಾವಿರ. ಒಂದೂವರೆ ಲಕ್ಷವಾದರೂ ಇರಬೇಕು. ಈ ತಿಂಗಳುಗಳಲ್ಲಿ ಈ ಕಡೆ ಇಂಥ ಚೀಟಿ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಮಂಗನ ಕಾಯಿಲೆ. ಕಾಡಿನ ಉಣುಗು, ಅಂದರೆ ಉಣ್ಣೆಹುಳ, ಕಚ್ಚಿ ಬರುವ ಜ್ವರ, ರಕ್ತಸ್ರಾವಕ್ಕೆ ತಿರುಗಿದರೆ ಜೀವಕ್ಕೇ ಅಪಾಯ. ವಾಟ್ಸಾಪಿನಲ್ಲಿ ರಿಪೋರ್ಟ್ ಕಳಿಸಿದ ಅರ್ಧ ಗಂಟೆಯಲ್ಲಿ ಹೊಸನಗರದ ಡಾಕ್ಟರು ನಗರದ ಹೂವಮ್ಮನನ್ನು ಶಿವಮೊಗ್ಗಕ್ಕೆ ಕಳಿಸಿದರಂತೆ. ಎಂಟನೆಯವರದು ಎಲ್ಲ ಸರಿ. ಮಾತ್ರೆ ಕೊಟ್ಟು ಮನೆಗೆ ಕಳಿಸಿದರು.

ಮಂಜುನಾಥಪ್ಪ ಸಾರ್ ಎರಡು ದಿನ ರಜೆ. ಅವರ ಪದ್ಧತಿಯಂತೆ ಜ್ವರದವರ ಸ್ಲೈಡೆಲ್ಲ ಮಾಡಿಟ್ಟೆ. ಎಂಟನೆಯದು ನಾನು ಎಳೆದದ್ದು ಸರಿಯಾಗಲಿಲ್ಲ, ಕೆಂಪುಕಣಗಳು ಉದ್ದುದ್ದ ಆಗಿವೆ. ಬೈಗುಳ ಖಂಡಿತ.

ಸೀರೆ ನವಿಲು ಬಣ್ಣದ್ದಂತೆ. ಅದು ನನ್ನ ಬಣ್ಣವೇ.

ಫೆಬ್ರವರಿ 5, ಬುಧವಾರ

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಂಜುನಾಥಪ್ಪ ಸಾರ್ ಬಂದವರೇ ಏಳನೇ ಸ್ಲೈಡ್ ಇಟ್ಟರು. ಎಣ್ಣೆಯ ಹನಿ ಹಾಕಿ ದೊಡ್ಡ ಲೆನ್ಸ್ ಇಳಿಸಿದರು. ಸ್ಲೈಡನ್ನು ಆ ತುದಿಯಿಂದ ಈ ತುದಿಗೆ ಸರಿಸುತ್ತ ಹೋದರು. ಆಮೇಲೆ, "ಇದು ಯಾರ್ದು ತಂಗಿ?" ಎಂದರು.

"ನಗರದ ಹೂವಮ್ಮನವರದ್ದು ಸಾರ್."

"ಅಲ್ಲ."

ಎದ್ದು, ಕೆಳಗಿನ ಡ್ರಾಯರಿನಿಂದ ಪೇಪರ್ ಸುತ್ತಿದ ಒಂದು ಹಳೆಯ ಸ್ಲೈಡ್ ತೆಗೆದರು. ಹೋದ ವರ್ಷ ಆ ಹೂವಮ್ಮ ಸುಸ್ತೆಂದು ಬಂದಾಗ ಮಾಡಿದ್ದು. "ನೋಡು" ಎಂದು ನನ್ನನ್ನು ಕೂರಿಸಿದರು.

ಕೆಂಪುಕಣ ಎಂದರೆ ಗುಂಡಗೆ, ನಡುವೆ ತಿಳಿಯಾಗಿ ಇರಬೇಕು. ಇಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಸೌತೆಬೀಜದ ಹಾಗೆ ಉದ್ದ. "ಹುಟ್ಟಿನಿಂದ ಬಂದಿದ್ದು. ಅದ್ರಿಂದ ಅವ್ರಿಗೆಂತ ತೊಂದ್ರೆ ಇಲ್ಲ, ಆದ್ರೆ ಸಾಯೋ ತನಕ ಹೀಗೇ ಇರುತ್ತೆ. ಒಂದು ವರ್ಷದಲ್ಲಿ ಗುಂಡಗಾಗಕ್ಕೆ ಅದೇನು ಚಪಾತಿ ಹಿಟ್ಟಾ?"

ಏಳನೇ ಸ್ಲೈಡಿನಲ್ಲಿ ಎಲ್ಲವೂ ಗುಂಡಗಿದ್ದವು.

ಅವರು ಮಿಕ್ಕ ಸ್ಲೈಡುಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಎಂಟರ ಹತ್ತಿರ ನಿಂತರು. ನನಗೆ ನೋಡಬೇಕಾಗಿಯೇ ಇರಲಿಲ್ಲ. "ಅದು ನಾನು ಎಳೆದಿದ್ದು ಸರಿಯಾಗಿಲ್ಲ ಸಾರ್" ಎಂದೆ.

"ಎಳೆದಿದ್ರಲ್ಲಿ ಹೀಗಾದ್ರೆ ಎಲ್ಲ ಒಂದೇ ದಿಕ್ಕಿಗೆ ಮಲಗಿರ್ತವೆ. ಇವು ಒಂದು ಆ ಕಡೆ, ಒಂದು ಈ ಕಡೆ ಬಿದ್ದಿದಾವಲ್ಲ." ಕನ್ನಡಕ ತೆಗೆದು ನನ್ನನ್ನು ನೋಡಿದರು. "ಟ್ಯೂಬು ನೀನೇ ತಂದಿದ್ದಲ್ಲ. ನಂಬರು ಸರಿ ಹಾಕಿದ್ಯಾ?"

ಬಸ್ಸು, ತಿರುವು, ಸೀರೆಯ ಬಣ್ಣ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಬಾಯಿಂದ ಬಂದದ್ದು ಮಾತ್ರ, "ಸರಿ ಇತ್ತು ಸಾರ್."

ಅವರು ಎಡಗಣ್ಣನ್ನು ಉಜ್ಜಿಕೊಂಡರು. "ಹಂಗಾರೆ ನನ್ ಕಣ್ಣೇ ಹೋಯ್ತು ಕಾಣುತ್ತೆ" ಎಂದು ಎಲ್ಲ ಸ್ಲೈಡುಗಳನ್ನೂ ತಮ್ಮ ಮುಂದೆ ಎಳೆದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದರು.

ಮನೆಗೆ ಬಂದು ಇವರಿಗೆ ಎಲ್ಲವನ್ನೂ ಹೇಳಿದೆ. ಒಂದು ಮಾತೂ ಬೈಯಲಿಲ್ಲ. ತಲೆ ಸವರಿದರು. "ಸುಮ್ನಿರು. ನಗರದವ್ರು ಆಸ್ಪತ್ರೆಲಿ ಇದಾರೆ, ಅಲ್ಲಿ ಮತ್ತೆ ಟೆಸ್ಟ್ ಮಾಡ್ತಾರೆ. ಇನ್ನೊಬ್ರಿಗೆ ಜಾಸ್ತಿ ಆದ್ರೆ ಅವ್ರೇ ಬರ್ತಾರೆ. ನಿನ್ನ ಹೆಸ್ರು ಎಲ್ಲೂ ಬರಲ್ಲ. ಯೋಗರಾಜ್ ನಂಗೆ ಬಿಡು."

ಎಷ್ಟು ಸಮಾಧಾನವಾಯಿತು. ಇವರು ಇದ್ದರೆ ನನಗೇನು ಭಯ.

ಫೆಬ್ರವರಿ 6, ಗುರುವಾರ

ಶಿವಮೊಗ್ಗದಿಂದ ಯೋಗರಾಜ್ ಸಾರಿಗೆ ಫೋನ್. ನಗರದ ಹೂವಮ್ಮನ ಪ್ಲೇಟ್‌ಲೆಟ್ ಎರಡು ಲಕ್ಷ ಹತ್ತು ಸಾವಿರ. ಮಾಮೂಲಿ ಶೀತಜ್ವರ, ಇವತ್ತೇ ಮನೆಗೆ.

ಯೋಗರಾಜ್ ಸಾರ್ ಎಲ್ಲರೆದುರು ಮಂಜುನಾಥಪ್ಪ ಸಾರಿಗೆ ಹೇಳಿದರು, "ನೀವು ರಜೆಗೆ ಮುಂಚೆ ಮಿಷನ್ ಸರಿಯಾಗಿ ತೊಳ್ದಿಲ್ಲ. ಈ ತಿಂಗ್ಳು ಕಳೀಲಿ ಮಂಜಣ್ಣ, ಆಮೇಲೆ ಮನೇಲಿ ಆರಾಮಾಗಿರಿ."

"ಮಿಷನ್ನಿಂದಲ್ಲ ಯೋಗರಾಜ್. ಇನ್ನೊಬ್ಳು ಹೂವಮ್ಮ ಇದಾಳಲ್ಲ, ಅವ್ಳನ್ನ ಕರೆಸ್ಬೇಕು. ಈ ಏಳನೇ ಟ್ಯೂಬಿನ ರಕ್ತ ಅವಳದ್ದು."

"ನಿಮ್ಮ ಕಣ್ಣು ನಂಬಿ ಇನ್ನೊಬ್ರನ್ನ ಹೆದರಿಸ್ಲಾ?"

ನಾನು ಅಲ್ಲೇ ಇದ್ದೆ. ಸ್ಲೈಡು ತೊಳೆಯುತ್ತಿದ್ದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಎಲ್ಲರೂ ಊಟಕ್ಕೆ ಹೋದಾಗ ರಸೀದಿ ಪುಸ್ತಕ ತೆಗೆದು ಎಂಟನೆಯವರ ಫೋನ್ ನಂಬರ್ ಹುಡುಕಿದೆ. ನನ್ನದೇ ಅಕ್ಷರ. ಒಂಬತ್ತೇ ಅಂಕಿ ಬರೆದಿದ್ದೆ. ಕೊನೆಗೆ ಸೊನ್ನೆಯಿಂದ ಒಂಬತ್ತರವರೆಗೆ ಒಂದೊಂದನ್ನೇ ಸೇರಿಸಿ ಹತ್ತು ಸಲ ಫೋನ್ ಮಾಡಿದೆ. ಬಳ್ಳಾರಿಯ ಒಬ್ಬರು, ಯಾವುದೋ ಫೈನಾನ್ಸ್, ಆರು ನಂಬರ್ ಚಾಲ್ತಿಯಲ್ಲಿಲ್ಲ. ಮಿಕ್ಕವರಿಗೆ ಹೂವಮ್ಮ ಗೊತ್ತಿಲ್ಲ. ಬಿಟ್ಟುಹೋದ ಅಂಕಿ ಕೊನೆಯದೇ ಎಂದು ಯಾರು ಹೇಳಿದರು?

ಮೂವತ್ತೆಂಟು ಸಾವಿರ ಸೋಮವಾರದ ಲೆಕ್ಕ. ಇವತ್ತು ಗುರುವಾರ.

ಗಣೇಶ್ ಸೀರೆ ತಂದಿದ್ದಾರೆ. ಕಪಾಟಿನಲ್ಲಿ ಇಟ್ಟೆ.

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ ಲ್ಯಾಬಿಗೆಂದು ಹೊರಟು ಹೊಸನಗರದ ಬಸ್ಸು ಹತ್ತಿದೆ. ಗಣೇಶ್‌ಗೆ ಹೇಳಲಿಲ್ಲ. ಅಲ್ಲಿಂದ ತೀರ್ಥಹಳ್ಳಿಯ ಬಸ್ಸು, ಕೆಳಕೊಡಿಗೆ ಕ್ರಾಸಿನಲ್ಲಿ ಇಳಿದಾಗ ಹತ್ತೂವರೆ.

ಕ್ರಾಸಿನ ಅಂಗಡಿಯಲ್ಲಿ ಕೇಳಿದೆ. "ಯಾವ ಹೂವಮ್ಮ? ಯಾರ ಹೆಂಡ್ತಿ?" ಎಂದರು. ಗೊತ್ತಿಲ್ಲ ಎಂದೆ. ಅಂಗಡಿಯವರು ಪಕ್ಕದವರ ಮುಖ ನೋಡಿದರು. ಗಂಡನ ಹೆಸರು ಗೊತ್ತಿಲ್ಲದೆ ಇಷ್ಟು ದೂರ ಯಾಕೆ ಬಂದಳು ಎಂಬಂತೆ.

ಮೊದಲ ಹೂವಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದರು. ಎರಡನೆಯವರಿಗೆ ಎಂಬತ್ತು ದಾಟಿತ್ತು. ದಾರಿಯಲ್ಲಿ ಆಶಾ ಕಾರ್ಯಕರ್ತೆ ತನುಜಾ ಸಿಕ್ಕರು, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯನ್ನು ಮನೆಮನೆಗೆ ಹಂಚುತ್ತಿದ್ದರು. "ಎಂತ ಮೇಡಂ, ಬರೀ ಹೆಸ್ರು ಹಿಡ್ಕಂಡು ಬಂದ್ರಾ? ಇಲ್ಲಿ ಹೂವಮ್ಮ ಅಂತ ಕರದ್ರೆ ನಾಲ್ಕು ಜನ ತಿರುಗಿ ನೋಡ್ತಾರೆ."

"ಜ್ವರ ಬಂದವರು. ಸೋಮವಾರ ಹೊಸನಗರಕ್ಕೆ ಹೋಗಿದ್ದರು."

"ಓ, ಅಂಜನಪ್ಪಣ್ಣನ ಮನೆಯವ್ರು. ಅವ್ರಿಗೇನಿಲ್ಲ ಅಂತ ರಿಪೋರ್ಟ್ ಬಂದಿದೆಯಲ್ಲ. ನಾನೇ ನೋಡಿದೀನಿ, ಅದಕ್ಕೇ ನನ್ನ ಜ್ವರದವ್ರ ಪಟ್ಟಿಯಿಂದ ತೆಗ್ದೆ."

ನಾನು ಓಡಲು ಶುರುಮಾಡಿದೆ. ದಾರಿ ಗೊತ್ತಿಲ್ಲದೆ ಓಡುತ್ತಿದ್ದೇನೆ ಎಂದು ತನುಜಾ ಹಿಂದಿನಿಂದ ಕೂಗಿದಾಗಲೇ ಗೊತ್ತಾಯಿತು.

ಹೂವಮ್ಮ ಜಗಲಿಯಲ್ಲಿ ಮಲಗಿದ್ದರು. ಕಣ್ಣು ಕೆಂಪಗೆ ಕೆಂಡದಂತಿತ್ತು. ಪಕ್ಕದಲ್ಲಿ ಒಂದು ಸ್ಟೀಲ್ ಲೋಟ, ಉಗುಳಿದ್ದರಲ್ಲಿ ರಕ್ತ. ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದರು.

"ಇವರನ್ನು ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು" ಎಂದೆ.

ಅಂಜನಪ್ಪ ಎತ್ತರದ ಆಳು, ಮಾತು ಮೆಲ್ಲಗೆ. "ಹಲ್ಲು ನೋವಿಗೆ ಒಸಡು ಒಡೆದದೆ ಅಷ್ಟೆ. ನಿಮ್ಮ ಚೀಟಿಲೇ ಎಲ್ಲ ಸರಿ ಅಂತ ಬರ್ದದೆಯಲ್ಲ ತಂಗಿ? ಆ ಚೀಟಿ ಬಂದಮೇಲೆ ನಿನ್ನೆ ನಾನೇ ಇವಳ್ನ ದರಗು ಗುಡ್ಸಕ್ಕೆ ಕರ್ಕಂಡು ಹೋದೆ. ಒಂದು ಗಂಟೆ ಕಾಡಲ್ಲಿ ಒಣ ಎಲೆ ಗುಡಿಸಿ ಕೂತ್ಬಿಟ್ಲು."

"ಆ ಚೀಟಿ ತಪ್ಪು."

"ಮಿಷನ್ ತಪ್ಪಾ?"

ಹೌದು ಎನ್ನಬಹುದಿತ್ತು. ಆದರೆ ಮಿಷನ್ ತಪ್ಪಾಗಿದ್ದರೆ ಇವರ ರಕ್ತದಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿಲ್ಲ ಎಂದಾಗುತ್ತದೆ, ನೋಡೋಣ ನಾಳೆ ಎಂದು ಕೂರುತ್ತಾರೆ. ನನಗೆ ಗೊತ್ತಿತ್ತು. ಲೆಕ್ಕ ಸಮೇತ ಗೊತ್ತಿತ್ತು. ಅಂಗಳದಲ್ಲಿ ಏಳೆಂಟು ಜನ ಸೇರಿದ್ದರು.

"ಮಿಷನ್ ಸರಿ ಇದೆ. ನಾನು ಟ್ಯೂಬು ಅದಲುಬದಲು ಮಾಡಿದೆ. ಗೋಡೆಯ ಮೇಲಿರುವುದು ನಗರದ ಇನ್ನೊಬ್ಬರ ರಕ್ತದ ಚೀಟಿ. ಇವರದ್ದು ಮೂವತ್ತೆಂಟು ಸಾವಿರ ಇತ್ತು, ಅದೂ ಸೋಮವಾರ. ಬುಧವಾರವೇ ನನಗೆ ತಿಳಿದಿತ್ತು."

ಕೊನೆಯ ವಾಕ್ಯ ಹೇಳಬೇಕಾಗಿರಲಿಲ್ಲ. ಬಂದುಬಿಟ್ಟಿತು.

ಅಂಜನಪ್ಪ ಗೋಡೆಯಿಂದ ರಿಪೋರ್ಟ್ ಕಿತ್ತು ನನ್ನ ಕೈಗೆ ಕೊಟ್ಟರು. "ಬುಧವಾರ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ತನುಜಾ ಆಗಲೇ 108ಕ್ಕೆ ಫೋನ್ ಮಾಡುತ್ತಿದ್ದರು. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ಹೂವಮ್ಮನ ಮೂಗಿನಿಂದಲೂ ರಕ್ತ ಬಂತು. ನಾನು ಹೊಸನಗರದವರೆಗೆ ಅದರಲ್ಲೇ ಹೋದೆ. ಅವರ ತಲೆ ನನ್ನ ತೊಡೆಯ ಮೇಲಿತ್ತು. ನನ್ನನ್ನು ಗುರುತು ಹಿಡಿದರು. "ಅವತ್ತು ಫೋನಲ್ಲಿ ನಗ್ತಾ ಬಸ್ಸು ಹತ್ತಿದ್ಯಲ್ಲ, ಚೆಂದ ಕಾಣ್ತಿದ್ದೆ" ಎಂದರು. ಡಾಕ್ಟರು ಅಲ್ಲಿಂದಲೇ ಶಿವಮೊಗ್ಗಕ್ಕೆ ಕಳಿಸಿದರು. ಅಂಜನಪ್ಪ ನನ್ನನ್ನು ಇಳಿಯಲು ಹೇಳಿ ಬಾಗಿಲು ಹಾಕಿಕೊಂಡರು.

ಆಸ್ಪತ್ರೆಯಿಂದ ನಾನು ಫೋನ್ ಮಾಡಿದ್ದಕ್ಕೆ ಗಣೇಶ್ ಹೊಸನಗರದ ಬಸ್‌ಸ್ಟ್ಯಾಂಡಿಗೆ ಬೈಕಿನಲ್ಲಿ ಬಂದಿದ್ದರು. ಅರ್ಧ ದಾರಿಯಲ್ಲಿ ಬೈಕ್ ನಿಧಾನ ಮಾಡಿದರು.

"ನನ್ನ ಒಂದ್ಮಾತು ಕೇಳ್ಬೇಕಿತ್ತು."

"ಕೇಳಿದ್ದೆ. ಬುಧವಾರ."

ಗಣೇಶ್ ಮತ್ತೆ ಬೈಕಿನ ವೇಗ ಹೆಚ್ಚಿಸಿದರು.

ಫೆಬ್ರವರಿ 8, ಶನಿವಾರ

ಯೋಗರಾಜ್ ಗಣೇಶ್‌ಗೆ ಫೋನ್ ಮಾಡಿದರು. ಗಣೇಶ್ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅವಳೇ ಮಾತಾಡ್ತಾಳೆ" ಎಂದು ನನ್ನ ಕೈಗಿತ್ತರು.

ಬರುತ್ತೇನೆ ಎಂದು ಫೋನ್ ಇಟ್ಟು, ಲ್ಯಾಬಿಗೇ ಹೋಗಿ ಎಲ್ಲವನ್ನೂ ಹೇಳಿದೆ. ಮಂಜುನಾಥಪ್ಪ ಸಾರ್ ಎದುರಿಗೇ ಹೇಳಿದೆ. ಯೋಗರಾಜ್ ಮೇಜು ಕುಟ್ಟಿದರು, ಕೂಗಿದರು, ಆಮೇಲೆ ಕೂತರು. ಮಂಜಣ್ಣ ಎಲ್ಲೂ ಹೋಗುವುದು ಬೇಡ, ನಾನು ರಕ್ತ ತೆಗೆಯುವ ಹಾಗಿಲ್ಲ, ನಂಬರ್ ಹಾಕುವ ಹಾಗಿಲ್ಲ, ಸ್ಲೈಡು ತೊಳೆಯುತ್ತ ಇರಬೇಕು, ಆ ಹೆಂಗಸಿಗೆ ಏನಾದರೂ ಆದರೆ ಪೊಲೀಸರಿಗೆ ನಾನೇ ಉತ್ತರ ಹೇಳಬೇಕು. ಎಲ್ಲದಕ್ಕೂ ಹೂಂ ಎಂದೆ.

ಮಂಜುನಾಥಪ್ಪ ಸಾರ್ ಸಂಜೆ ಚಪ್ಪಲಿ ಮೆಟ್ಟುವಾಗ ಹೇಳಿದರು. "ಟ್ಯೂಬು ಬದಲಾಗೋದು ನನ್ ಕೈಲೂ ಆಗಿದೆ. ನಾನು ಕಣ್ಣು ಉಜ್ಜಿಕೊಳ್ವಾಗ ನೋಡ್ತಾ ನಿಂತಿದ್ಯಲ್ಲ, ಅದು ನಂಗೆ ತಡ್ಕಳಕ್ಕೆ ಆಗ್ತಿಲ್ಲ."

ಶಿವಮೊಗ್ಗದಲ್ಲಿ ಹೂವಮ್ಮನ ಪ್ಲೇಟ್‌ಲೆಟ್: ಹತ್ತೊಂಬತ್ತು ಸಾವಿರ.

ಫೆಬ್ರವರಿ 9, ಭಾನುವಾರ

ಹದಿನಾಲ್ಕು ಸಾವಿರ. ರಕ್ತ ಏರಿಸುತ್ತಿದ್ದಾರೆ.

ಫೆಬ್ರವರಿ 10, ಸೋಮವಾರ

ಮಂಗನ ಕಾಯಿಲೆಯೇ ಎಂದು ಖಚಿತವಾಯಿತು. ತನುಜಾ ಫೋನ್ ಮಾಡಿ ಹೇಳಿದರು. ಅವರೂ ಅತ್ತರು. ಹದಿನಾರು ಸಾವಿರ.

ಫೆಬ್ರವರಿ 12, ಬುಧವಾರ

ನಲವತ್ತೊಂದು ಸಾವಿರ. ಎದ್ದು ಕೂತು ಗಂಜಿ ಕುಡಿದರಂತೆ.

ಗಣೇಶ್ ಅನ್ನ ಮಾಡಿ, ಸಾರು ಬಿಸಿ ಮಾಡಿ ಕರೆದರು. ಉಣ್ಣುವಾಗ, "ಆವತ್ತು ನಾನು ಹಾಗೆ ಹೇಳ್ಬಾರ್ದಿತ್ತು" ಎಂದರು. ನಾನು ಸಾರು ಬಡಿಸಿದೆ.

ಫೆಬ್ರವರಿ 24, ಸೋಮವಾರ

ಹೂವಮ್ಮ ಬಂದಿದ್ದರು. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಒಂದು ಸಲ ರಕ್ತ ನೋಡಿಸಿ ಎಂದಿದ್ದರಂತೆ. ಸಾಗರಕ್ಕೇ ಹೋಗೋಣ, ತಪ್ಪು ಹಿಡಿದ ಆ ಕಣ್ಣಿನ ಮೇಷ್ಟ್ರ ಹತ್ತಿರ ಎಂದು ಹೂವಮ್ಮನೇ ಹಟ ಹಿಡಿದರಂತೆ. ಬಹಳ ಇಳಿದಿದ್ದಾರೆ. ನನ್ನನ್ನು ನೋಡಿ ನಕ್ಕರು. ಅಂಜನಪ್ಪ ನಗಲಿಲ್ಲ.

"ಈ ಹುಡುಗಿ ಸೂಜಿ ಹಾಕದು ಬೇಡ" ಎಂದರು.

ಮಂಜುನಾಥಪ್ಪ ಸಾರ್ ರಕ್ತ ತೆಗೆದರು. ಟ್ಯೂಬಿನ ಮೇಲೆ ಅವರೆದುರಿಗೇ ಹೆಸರು, ಗಂಡನ ಹೆಸರು, ಊರು ಬರೆದು ಓದಿ ಹೇಳಿದರು. ಒಳಗೆ ಬಂದು ಸ್ಲೈಡ್ ಮಾಡಿ, ಹದಿನೈದು ದಿನಗಳಲ್ಲಿ ಮೊದಲ ಸಲ ನನ್ನ ಕಡೆ ಕುರ್ಚಿ ತಳ್ಳಿದರು. "ನೀನು ನೋಡು. ಎಷ್ಟು ಅಂತ ನಂಗೆ ಹೇಳ್ಬೇಡ. ನಾನು ಆಮೇಲೆ ನೋಡ್ತೀನಿ. ಎರಡೂ ಕೂಡಿದ್ರೆ ಮಿಷನ್ನಿನದು ನೋಡಣ."

ಹತ್ತು ಜಾಗ ನೋಡಿದೆ. ಪ್ಲೇಟ್‌ಲೆಟ್‌ಗಳು ನೇರಳೆ ಬಣ್ಣದ ಸಣ್ಣ ಚುಕ್ಕೆಗಳು, ಕೆಂಪುಕಣಗಳ ನಡುವೆ ಪುಡಿ ಉದುರಿಸಿದ ಹಾಗೆ. ಒಂದೊಂದು ಜಾಗದಲ್ಲಿ ಹತ್ತು, ಹನ್ನೆರಡು, ಹನ್ನೊಂದು; ಒಂದು ಚುಕ್ಕೆಗೆ ಹದಿನೈದು ಸಾವಿರದ ಲೆಕ್ಕ. ಬಿಳಿಕಣ ನೂರು ಎಣಿಸಿದೆ. ಚೀಟಿಯಲ್ಲಿ ಬರೆದು ಮಡಚಿ ಇಟ್ಟೆ. ಸಾರ್ ಎಣಿಸಿದರು. ಇಬ್ಬರದ್ದೂ ಹತ್ತಿರ ಹತ್ತಿರ ಬಂತು. ಮಿಷನ್ ಒಂದು ಲಕ್ಷದ ಅರವತ್ತೆಂಟು ಸಾವಿರ ಎಂದಿತ್ತು. "ಹೋಗಿ ಹೇಳು" ಎಂದರು.

ಹೊರಗೆ ಬಂದು ಹೇಳಿದೆ. ಹೂವಮ್ಮ ಕಣ್ಣು ಮುಚ್ಚಿ ಕೈ ಮುಗಿದರು. ಅಂಜನಪ್ಪ ಕೈಚೀಲ ಎತ್ತಿಕೊಂಡವರು ಅಲ್ಲೇ ನಿಂತರು.

"ಇದು ಇವಳದ್ದೇ ಹೌದಾ?"

ಬೆಂಚಿನಲ್ಲಿ ಕೂತಿದ್ದ ನಾಲ್ಕೈದು ಜನ ನನ್ನತ್ತ ತಿರುಗಿದರು. ಹೌದು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಮೂರು ಕಡೆಯಿಂದ ತಾಳೆಯಾಗಿತ್ತು, ಸುಳ್ಳೇನೂ ಆಗುತ್ತಿರಲಿಲ್ಲ.

"ಕೂತ್ಕೊಳ್ಳಿ ಅಣ್ಣ. ಇನ್ನೊಂದ್ಸಲ ನೋಡಿ ಹೇಳ್ತೀನಿ."

"ಬಸ್ಸು ಹೋಗ್ತದೆ" ಎಂದರು ಹೂವಮ್ಮ.

"ಹೋಗ್ಲಿ" ಎಂದರು ಅಂಜನಪ್ಪ. ಚೀಲ ಕೆಳಗಿಟ್ಟು ಕೂತರು.

ನಾನು ಒಳಗೆ ಬಂದೆ. ಟ್ಯೂಬು ಎತ್ತಿ ಅದರ ಮೇಲಿದ್ದದ್ದನ್ನು ಕೊನೆಯ ಅಕ್ಷರದವರೆಗೆ ಓದಿದೆ. ಸ್ಲೈಡಿನ ತುದಿಯಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ಓದಿದೆ. ಎಣ್ಣೆ ಒರೆಸಿ, ಹೊಸ ಹನಿ ಹಾಕಿ, ಮೊದಲನೇ ಜಾಗದಿಂದ ಶುರುಮಾಡಿದೆ.